ಸಿಪ್ಪಿಘಾಟ್‌ನ ಗದ್ದೆ ಮತ್ತು ಒಂದು ಅಪರೂಪದ ಕ್ರಿಯಾಪದ

ಅಂಡಮಾನಿಗೆ ಹೋದವರು ಸೆಲ್ಯುಲರ್ ಜೈಲು, ಹ್ಯಾವ್‌ಲಾಕ್ ನೋಡಿಕೊಂಡು ಬರುತ್ತಾರೆ. ನನಗೆ ಪೋರ್ಟ್ ಬ್ಲೇರ್ ಹತ್ತಿರದ ಸಿಪ್ಪಿಘಾಟ್ ನೋಡಲೇಬೇಕಿತ್ತು. 2004ರ ಡಿಸೆಂಬರ್ 26ರ ತನಕ ಅಲ್ಲಿ ಭತ್ತದ ಗದ್ದೆಗಳಿದ್ದವು. ಅವತ್ತು ಬೆಳಗ್ಗೆ ಭೂಕಂಪಕ್ಕೆ ನೆಲ ಹೆಚ್ಚುಕಮ್ಮಿ ಒಂದು ಮೀಟರ್ ಕುಸಿಯಿತು. ಸುನಾಮಿ ಅಂದರೆ ಅಲೆ ಬಂದು ವಾಪಸ್ ಹೋಗುವುದು ಅಂದುಕೊಂಡಿರುತ್ತೇವಲ್ಲ, ಇಲ್ಲಿ ಹಾಗಾಗಲಿಲ್ಲ, ನೆಲವೇ ಕೆಳಗಿಳಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ರಸ್ತೆ ಪಕ್ಕ ನಿಂತರೆ ಉಪ್ಪುನೀರು, ಅದರಲ್ಲಿ ಒಣಗಿದ ಮರದ ಬೊಡ್ಡೆಗಳು, ಅಂಚಲ್ಲಿ ಕಾಂಡ್ಲಾ ಗಿಡ.

ಜೊತೆಗೆ ಅಣ್ಣನ ಮಗಳಿದ್ದಳು, ಭೂವಿಜ್ಞಾನ ಓದುತ್ತಾಳೆ. "ಚಿಕ್ಕಪ್ಪ, ಈ ಗದ್ದೆ ಸಬ್‌ಡಕ್ಟ್ ಆಗಿದೆ ಅಂತ ರಿಪೋರ್ಟಲ್ಲಿ ಬರೆದರೆ ಸರಿನಾ?" ಅಂದಳು.

ತುಂಬಾ ಒಳ್ಳೆ ಪ್ರಶ್ನೆ. ಅಲ್ಲೇ ನಿಂತು ಕೈಯಲ್ಲಿ ಮಾಡಿ ತೋರಿಸಿದೆ. ಭೂಮಿಯ ಹೊರಪದರ ಫಲಕಗಳೆಂಬ ದೊಡ್ಡ ತುಂಡುಗಳಾಗಿದೆ. ಬಲಗೈ ಅಂದರೆ ಭಾರತದ ಫಲಕ, ಸಮುದ್ರದ ತಳ. ಎಡಗೈ ಅಂದರೆ ಬರ್ಮಾ ಫಲಕ, ಅಂಡಮಾನ್ ಕೂತಿರುವುದು ಇದರ ಮೇಲೆ. ಬಲಗೈ ಎಡಗೈ ಕೆಳಗೆ ತೂರುತ್ತದೆ. ಸಬ್‌ಡಕ್ಟ್ ಆಗುವುದು, ಅಂದರೆ ಇನ್ನೊಂದು ಫಲಕದ ಕೆಳಗೆ ಇಳಿಯುವುದು, ಆ ಬಲಗೈ ಮಾತ್ರ. ಎರಡೂ ಕೈ ಶತಮಾನಗಟ್ಟಲೆ ಕಚ್ಚಿಕೊಂಡಿದ್ದಾಗ ಎಡಗೈ ಬೆರಳ ತುದಿ ಕೆಳಕ್ಕೆ ಬಾಗುತ್ತದೆ, ಹಿಂಭಾಗ ಉಬ್ಬುತ್ತದೆ. ಹಿಡಿತ ತಪ್ಪಿದ ಗಳಿಗೆ ತುದಿ ಮೇಲಕ್ಕೆ ಚಿಮ್ಮಿ ಹಿಂಭಾಗ ಕುಸಿಯುತ್ತದೆ. ಅದಕ್ಕೇ ಅಂಡಮಾನಿನ ವಾಯವ್ಯ ಕರಾವಳಿಯಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದವು, ಸಿಪ್ಪಿಘಾಟ್ ಮುಳುಗಿತು. ಅಂದರೆ ಈ ಗದ್ದೆ ಮೇಲಿನ ಫಲಕದ್ದು. ಅದು ಕುಸಿದಿದೆ, ಸಬ್‌ಡಕ್ಟ್ ಆಗಿಲ್ಲ.

"ಹಾಗಾದ್ರೆ ಹಿಮಾಲಯ?" ಅಂದಳು. ಅಲ್ಲಿ ಎರಡೂ ಕಡೆ ಖಂಡ. ಖಂಡದ ತೊಗಟೆ ದಪ್ಪ, ಹಗುರ, ಸಮುದ್ರದ ತಳದ ಹಾಗೆ ಸಲೀಸಾಗಿ ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಡಿಕ್ಕಿ ಅನ್ನುವುದೇ ಜಾಸ್ತಿ. ಅಂಡಮಾನಿನಲ್ಲಾದರೆ ಸಬ್‌ಡಕ್ಟ್ ಅನ್ನುವ ಪದ ಪಕ್ಕಾ ಕೂರುತ್ತದೆ. ಇಳಿದ ಫಲಕ ಆಳದಲ್ಲಿ ನೀರು ಬಿಡುತ್ತದೆ, ಆ ನೀರಿನಿಂದ ಮೇಲಿನ ಬಿಸಿ ಬಂಡೆ ಕಡಿಮೆ ತಾಪದಲ್ಲೇ ಕರಗುತ್ತದೆ. ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿ.ಮೀ. ದೂರದ ಬ್ಯಾರನ್ ದ್ವೀಪದ ಜ್ವಾಲಾಮುಖಿ ಉಗುಳುವುದು ಅದನ್ನೇ. ಬಹಳ ಕಾಲ ಸುಮ್ನೆ ಇದ್ದು 1991ರಲ್ಲಿ ಮತ್ತೆ ಶುರು ಮಾಡಿತು.

ಈ ಪದಕ್ಕೆ ಭೂವಿಜ್ಞಾನದ ಅರ್ಥ ಬಂದದ್ದು ಈಚೆಗೆ. ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಂದ್ರೆ ಆಮ್‌ಸ್ಟುಟ್ಜ್ 1951ರಲ್ಲಿ ಆಲ್ಪ್ಸ್ ಬಗ್ಗೆ ಬರೆಯುವಾಗ ಬಳಸಿದರು, ಅದು ಎಲ್ಲೆಡೆ ಹಬ್ಬಿದ್ದು 1970ರ ನಂತರ. ಅದಕ್ಕೂ ಎಷ್ಟೋ ಮೊದಲು ಇಂಗ್ಲಿಷಿನ ಹಳೇ ಲೆಕ್ಕದಲ್ಲಿ ಇದೇ ಪದ ವ್ಯವಕಲನಕ್ಕೆ ಇತ್ತು: ಹತ್ತರಲ್ಲಿ ಮೂರನ್ನು ಸಬ್‌ಡಕ್ಟ್ ಮಾಡು, ಅಂದರೆ ಕಳೆ. ಲ್ಯಾಟಿನ್ನಿನಲ್ಲಿ ಕೆಳಗಿಂದ ಎಳೆದು ತೆಗೆಯುವುದು ಅಂತ.

ಇದನ್ನು ಕೇಳಿ ಅವಳು ನೀರಿನ ಕಡೆ ತಿರುಗಿದಳು. "ಹಳೇ ಅರ್ಥದಲ್ಲಾದರೆ ಈ ಗದ್ದೆ ಸಬ್‌ಡಕ್ಟ್ ಆಗಿದೆ ಅಲ್ವಾ? ಗದ್ದೆಯವರ ಪಾಲಿನಿಂದ ಕಳೆದುಹೋಯಿತಲ್ಲ."

ಹೌದು, ಆ ಅರ್ಥದಲ್ಲಿ ಖಂಡಿತ ಸರಿ ಅಂದೆ. ರಿಪೋರ್ಟಲ್ಲಿ ಮಾತ್ರ "ಕುಸಿದಿದೆ" ಅಂತಲೇ ಬರಿ ಅಂದೆ.