ಕಪ್ಪು ಬಿಳುಪಿನಲ್ಲಿ ತೋಟ

ಮೂಡಿಗೆರೆ ಹತ್ತಿರ, 14 ಡಿಸೆಂಬರ್ 2024, ಶನಿವಾರ

ಎಂಟು ಗಂಟೆಯಾದರೂ ಮಂಜು ಬಿಟ್ಟಿರಲಿಲ್ಲ. ಅರೇಬಿಕಾ ಕಾಫಿ ಕುಯ್ಲು ಅರ್ಧವೂ ಮುಗಿದಿಲ್ಲ, ಆಳು ಸಿಗೋದೇ ಕಷ್ಟ. ಇಂಥ ಹೊತ್ತಲ್ಲಿ ಅಕ್ಕನ ಮಗ ಬೆಂಗಳೂರಿಂದ ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಬೇರೆಯೇ ಲೋಕ ತೋರಿಸೋ ಯಂತ್ರ, ಹೊತ್ತು ತಂದಿದ್ದಾನೆ. 2020ರಲ್ಲಿ ಬಂದ, ಮೆಟಾ ಕಂಪನಿಯ ಕ್ವೆಸ್ಟ್ 2. ಜಗಲಿ ಮೇಲೆ ಕೂತು ಹಾಕಿಕೊಂಡೆ. ಒಳಗೆ ಯಾವುದೋ ಹಿಮದ ಬೆಟ್ಟ. ಬಾಯಿ ಬಿಟ್ಟು ನೋಡುತ್ತಾ ಕಾಲು ಚಾಚಿದ್ದೇ, ಪಕ್ಕದಲ್ಲಿಟ್ಟಿದ್ದ ಕಾಫಿ ಲೋಟ ಉರುಳಿತು. ಹುಡುಗ ನಗುತ್ತಾ ಹೆಡ್‌ಸೆಟ್ಟಿನ ಪಕ್ಕಕ್ಕೆ ಎರಡು ಸಲ ತಟ್ಟಿದ. ಬೆಟ್ಟ ಮಾಯ. ಜಗಲಿ, ಕಂಬ, ಚೆಲ್ಲಿದ ಕಾಫಿ ಎಲ್ಲ ಎದುರಿಗೆ ಬಂದವು, ಆದರೆ ಹಳೇ ಕಾಲದ ಸಿನಿಮಾದ ಹಾಗೆ ಬಣ್ಣವಿಲ್ಲದೆ.

ಮುಂದುಗಡೆ ನಾಲ್ಕು ಕ್ಯಾಮೆರಾ ಇವೆಯಂತೆ. ಅವುಗಳ ಅಸಲು ಕೆಲಸ ನಮಗೆ ತೋರಿಸೋದಲ್ಲ. ಕಂಬ, ಗೋಡೆ, ಮೂಲೆಗಳನ್ನ ಗುರುತು ಇಟ್ಟುಕೊಂಡು ನಮ್ಮ ತಲೆ ಎತ್ತ ತಿರುಗಿತು, ಎಷ್ಟು ಸರಿಯಿತು ಅಂತ ಲೆಕ್ಕ ಹಾಕೋದು. ಆ ಲೆಕ್ಕಕ್ಕೆ ಬಣ್ಣ ಬೇಡ. ನಮಗೆ ಹೊರಗಿನದು ಕಾಣೋದು ಕೊಸರು ಅನ್ನಿ. ಕ್ಯಾಮೆರಾ ಇರೋ ಜಾಗ ಬೇರೆ, ಕಣ್ಣಿರೋ ಜಾಗ ಬೇರೆಯಾದ್ದರಿಂದ ಚಿತ್ರವನ್ನ ಕಣ್ಣಿಗೆ ತಕ್ಕಂತೆ ಹೆಡ್‌ಸೆಟ್ಟೇ ಹೊಂದಿಸಿಕೊಳ್ಳಬೇಕು. ಅಂಗೈ ಮುಖದ ಹತ್ತಿರ ತಂದರೆ ಬೆರಳುಗಳು ಕರಗಿದ ಮೇಣದ ಹಾಗೆ ವಾಲುತ್ತವೆ.

ಹಾಗೇ ಹಾಕಿಕೊಂಡು ಮನೆ ಹಿಂದಿನ ಗಿಡಗಳ ತನಕ ಹೋದೆ. ರೆಂಬೆ ತುಂಬಾ ಹಣ್ಣು, ಎಲ್ಲವೂ ಬೂದು. ಕೆಂಪು ಯಾವುದು, ಹಸಿರು ಯಾವುದು, ದೇವರೇ ಬಲ್ಲ. ಕುಯ್ಯುತ್ತಿದ್ದ ಹೆಂಗಸು ಒಮ್ಮೆ ಹಾಕಿ ನೋಡಿ, "ಇದನ್ನ ಕಟ್ಕೊಂಡ್ರೆ ಕಾಯಿನೂ ಬುಟ್ಟಿಗೆ, ಹಣ್ಣೂ ಬುಟ್ಟಿಗೆ" ಅಂದು ವಾಪಸ್ ಕೊಟ್ಟಳು. 2023ರ ಕ್ವೆಸ್ಟ್ 3ಕ್ಕೆ ಬಣ್ಣದ ಕ್ಯಾಮೆರಾ ಇದೆ ಅಂತ ಹುಡುಗ ಸಮಜಾಯಿಷಿ ಕೊಟ್ಟ. ಮುಂದೊಂದು ದಿನ ಹಣ್ಣಾದದ್ದನ್ನು ಮಾತ್ರ ಹೊಳೆಯಿಸಿ ತೋರಿಸಬಹುದು, ಬೇಲೂರು ದೇವಸ್ಥಾನದ ನವರಂಗದ ಕತ್ತಲೆ ಭುವನೇಶ್ವರಿಯನ್ನ, ಅಂದರೆ ಕೆತ್ತನೆಯ ಒಳಛಾವಣಿಯನ್ನ, ದೊಡ್ಡದು ಮಾಡಿ ನೋಡಬಹುದು ಅಂತೆಲ್ಲ ಶುರುಮಾಡಿದ. ಹಣ್ಣು ಗುರುತಿಸೋಕೆ ಆ ಹೆಂಗಸಿಗೆ ಯಂತ್ರ ಬೇಕಾ? ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅಮ್ಮ.

ಅಮ್ಮನಿಗೆ ಎರಡು ವರ್ಷದಿಂದ ನೋಟದ ನಡುಭಾಗ ಮಸುಕು. ಅಕ್ಷಿಪಟಲದ ನಡುವೆ ಸವೆದಿದೆ, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಅಂದಿದ್ದಾರೆ. ಬಾಗಿಲಲ್ಲಿ ಬಂದವರ ಸೀರೆ ಅಂಚು ಕಾಣುತ್ತೆ, ಮುಖ ಕಾಣಲ್ಲ. ಪಂಚಾಂಗ ನಾನು ಓದಿ ಹೇಳಬೇಕು. ಇಂಥವರಿಗಾಗಿಯೇ ಮುಂದಿನ ಕ್ಯಾಮೆರಾದ ಚಿತ್ರವನ್ನ ಹಿಗ್ಗಿಸಿ ಕಣ್ಣೆದುರು ಹಿಡಿಯೋ ಸಾಧನಗಳಿವೆ. ಕೆನಡಾದ ಇಸೈಟ್ ಒಂದು; ಐರಿಸ್‌ವಿಷನ್ ಅಂತೂ ಸ್ಯಾಮ್‌ಸಂಗ್ ಫೋನನ್ನೇ ಹೆಡ್‌ಸೆಟ್ಟಿಗೆ ಸಿಕ್ಕಿಸಿ ಶುರುವಾದದ್ದು. "ಇದರಲ್ಲೂ ಹಾಗೆ ಹಿಗ್ಗಿಸೋ" ಅಂದೆ.

ಆಗಲ್ಲವಂತೆ. ಕ್ಯಾಮೆರಾ ನೋಡಿದ್ದನ್ನ ಆ್ಯಪ್‌ಗಳ ಕೈಗೆ ಕೊಡೋದಿಲ್ಲ. ಮನೆಯೊಳಗಿನ ಪಾಸ್‌ಬುಕ್, ಮಲಗಿದ ಮಗು ಎಲ್ಲ ಅದಕ್ಕೆ ಕಾಣುತ್ತಲ್ಲ. ಮುಂದಿನ ವರ್ಷ ಕ್ವೆಸ್ಟ್ 3ರಲ್ಲಿ ಕೇಳಿ ಪಡೆಯುವ ದಾರಿ ಮಾಡಿಕೊಡ್ತೀವಿ ಅಂತ ಕಂಪನಿಯವರು ಸೆಪ್ಟೆಂಬರಿನಲ್ಲಿ ಹೇಳಿದ್ದಾರಂತೆ. ಭಯ ಸರಿಯೇ. ಆದರೂ ನನ್ನ ತಾಯಿ, ನನ್ನ ಪಂಚಾಂಗ, ನಡುವೆ ಬೇರೆಯವರ ಅಪ್ಪಣೆ ಯಾಕೆ ಅಂತ ಸಿಟ್ಟು ಬಂತು. ಚಿತ್ರದಲ್ಲಿ ಕಾಣೋ ವಸ್ತುಗಳ ಅಂಚುಗಳಿಗೆ ಬಣ್ಣ ಬಳಿಯೋಕೆ ಮಾತ್ರ ಬಿಡ್ತಾರೆ ಅಂದ. ಅದನ್ನೇ ಮಾಡು ಅಂದೆ.

ಮಧ್ಯಾಹ್ನ ಊಟ ಬಿಟ್ಟು ಕೂತು ಮಾಡಿದ. ಅಮ್ಮನ ತುರುಬಿಗೆ ಪಟ್ಟಿ ಸಿಕ್ಕಿಹಾಕಿಕೊಂಡು ಒಂದು ರಂಪ. ಅರ್ಧ ಕೇಜಿ ತೂಕ ಬೇರೆ. "ಮುಖಕ್ಕೆ ಬೆಲ್ಲದಚ್ಚು ಕಟ್ಟಿದೀರೇನೋ" ಅಂದಳು. ಆಮೇಲೆ ಸುಮ್ಮನಾದಳು. ಕಂಬ, ಬಾಗಿಲವಾಡ, ತುಳಸಿಕಟ್ಟೆ, ಎಲ್ಲದರ ಸುತ್ತ ಬಿಳಿ ಗೆರೆ. ನನ್ನ ಮುಖ ಕಂಡಿತಾ ಅಂತ ಕೇಳಿದೆ. ಇಲ್ಲ. ತಲೆಯನ್ನ ಸ್ವಲ್ಪ ಓರೆ ಮಾಡಿ ಕೆಳಗೆ ನೋಡುತ್ತಾ, "ಮೆಟ್ಲು ಮೂರಿದಾವೆ" ಅಂದಳು.

ಜಗಲಿಯಿಂದ ಅಂಗಳಕ್ಕೆ ಇಳಿಯೋ ಮೆಟ್ಟಿಲು ಅವು. ಅಪ್ಪ ಹಾಕಿಸಿದ ಕೆಂಪು ರೆಡ್ ಆಕ್ಸೈಡ್. ಮೆಟ್ಟಿಲೂ ಕೆಂಪು, ಕೆಳಗಿನ ನೆಲವೂ ಕೆಂಪು. ಕಳೆದ ಮಳೆಗಾಲದಲ್ಲಿ ಅಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ವಯಸ್ಸಾಯ್ತು, ನೋಡಿ ನಡಿಬೇಕು ಅಂತ ನಾನೇ ಗದರಿದ್ದೆ.

ಸಂಜೆ ಗೇಟಿಗೆ ಹೊಡೆದು ಮಿಕ್ಕಿದ್ದ ಬಿಳಿ ಪೇಂಟ್ ಹುಡುಕಿ, ಮೂರೂ ಮೆಟ್ಟಿಲಿನ ಅಂಚಿಗೆ ಎರಡೆರಡು ಬೆರಳಗಲ ಗೆರೆ ಎಳೆದೆ. ಹುಡುಗ ಟಾರ್ಚ್ ಹಿಡಿದ. ಒಣಗುವ ಮೊದಲೇ ನಾಯಿ ಹತ್ತಿ ಒಳಗೆ ಹೋಗಿದೆ, ಹಾಲ್ ತುಂಬಾ ಬಿಳಿ ಹೆಜ್ಜೆ.