ಎಷ್ಟು ಉಳೀತು ಅಂತ ಕೇಳುವವರಿಗೆ

11,400 ರೂಪಾಯಿ.

ನಮ್ಮ ಬಡಗಿ ಅಂಗಡಿಗೆ ನಾನೇ ಮಾಡಿಕೊಂಡ ಡ್ರಮ್ ಸ್ಯಾಂಡರಿಗೆ ಬಿದ್ದ ಖರ್ಚು ಇದು. 1 ಎಚ್‌ಪಿ ಮೋಟರು ಸೆಕೆಂಡ್ ಹ್ಯಾಂಡ್, ಪ್ಲೈವುಡ್ಡು ಯಾವುದೋ ಅಡುಗೆಮನೆ ಕೆಲಸದಲ್ಲಿ ಮಿಕ್ಕಿದ್ದು, ಫ್ರೇಮಿಗೆ ಹಾಕಿದ್ದು ಹಳೇ ಮನೆ ಕಿತ್ತಾಗ ಸಿಕ್ಕ ಮತ್ತಿ ಮರದ ತೊಲೆ. ದುಡ್ಡು ಕೊಟ್ಟು ತಂದದ್ದು ಬೇರಿಂಗು, ಶಾಫ್ಟು, ಪುಲ್ಲಿ, ಬೆಲ್ಟು, ಉಪ್ಪುಕಾಗದದ ರೋಲು. ಮೇಲೆ ಲೇತ್ ಅನ್ನುವ ಕಡೆಯುವ ಯಂತ್ರದಲ್ಲಿ ಶಾಫ್ಟ್ ಮಾಡಿಸಿದ ಕೂಲಿ. ನಾಲ್ಕು ವರ್ಷದಿಂದ ಈ ಲೆಕ್ಕವನ್ನು ಬಾಯಲ್ಲಿ ಒಪ್ಪಿಸಿದ್ದೇನೆ, ಇನ್ನು ಒಪ್ಪಿಸುವುದಿಲ್ಲ. ಕೇಳಿದವರಿಗೆ ಇದನ್ನೇ ಓದಲು ಕಳಿಸುತ್ತೇನೆ.

ಡ್ರಮ್ ಸ್ಯಾಂಡರ್ ನೋಡದವರಿಗೆ ಒಂದು ಮಾತು. ಉದ್ದನೆಯ ಉರುಳೆಗೆ ಉಪ್ಪುಕಾಗದ ಸುತ್ತಿ ಮೋಟರಿನಿಂದ ತಿರುಗಿಸುವುದು, ಅದರ ಕೆಳಗಿನ ಮೇಜಿನ ಮೇಲೆ ಹಲಗೆ ತೂರಿಸುವುದು. ಹಲಗೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪಕ್ಕೆ ಬಂದು ನುಣುಪಾಗುತ್ತದೆ. ಅಷ್ಟೇ ಯಂತ್ರ.

ಖರ್ಚು ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ, ಅದರ ಬೆನ್ನಿಗೇ ಬರುವ ಮಾತಿಗೆ ಬೇಜಾರು. ಹೋದ ವರ್ಷ ಸಾಗರದ ಹತ್ತಿರ ಒಂದು ಉಪನಯನಕ್ಕೆ ಹೋಗಿದ್ದೆ. ಎದುರು ಪಂಕ್ತಿಯಲ್ಲಿ ಕೂತಿದ್ದ ಮಾವನವರು ತಂಬುಳಿ ಬಡಿಸುವ ಹೊತ್ತಿಗೆ ಅಲ್ಲಿಂದಲೇ ಕೂಗಿದರು, "ತಮಾ, ಆ ಮೆಷಿನ್ನಿಗೆ ಎಷ್ಟು ಬಿತ್ತು?" ಹೇಳಿದೆ. "ರೆಡಿಮೇಡಿಗೆ ಎಷ್ಟಿದ್ದು?" ನನಗೆ ಆಗ ಬಂದಿದ್ದ ಕೊಟೇಶನ್ ಲಕ್ಷದ ಮೇಲಿತ್ತು, ಅದನ್ನೂ ಹೇಳಿದೆ. "ಹಂಗಾರೆ ತೊಂಬತ್ತು ಸಾವಿರ ಉಳತ್ತು!" ಎರಡೂ ಪಂಕ್ತಿಯವರು ಕತ್ತು ಹೊರಳಿಸಿ ನನ್ನನ್ನು ನೋಡಿದರು. ಪಾಯಸ ಬರುವುದರೊಳಗೆ, ಇಂಥವು ಹತ್ತು ಮಾಡಿ ಮಾರಿದರೆ ನನಗೆ ಎಷ್ಟು ಲಾಭ ಅಂತ ಮೂವರು ಸೇರಿ ಲೆಕ್ಕ ಹಾಕಿ ಮುಗಿಸಿದ್ದರು.

ಕೈಯಲ್ಲಿ ಲಕ್ಷ ಇದ್ದವನು ಹನ್ನೊಂದು ಸಾವಿರದಲ್ಲಿ ಮುಗಿಸಿದರೆ ಉಳೀತು ಅನ್ನಬಹುದು. ನನ್ನ ಹತ್ತಿರ ಆ ಲಕ್ಷ ಇರಲೇ ಇಲ್ಲ. ಇಲ್ಲದ ದುಡ್ಡು ಎಲ್ಲಿ ಉಳಿಯುತ್ತದೆ? ಬಾಗಿಲು ಹಾಕಿದ ಮೇಲೆ ಏಳು ವಾರ ರಾತ್ರಿ ಹತ್ತೂವರೆಯವರೆಗೆ ಅಂಗಡಿಯಲ್ಲಿ ಕೂತದ್ದು ಆ ಮೂವರ ಲೆಕ್ಕದಲ್ಲಿ ಯಾವ ಸಾಲಿಗೂ ಬರಲಿಲ್ಲ. ನನ್ನ ಕೆಲಸವನ್ನು ಹಾಗೆ ಅಳೆದಾಗ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನನಗೆ ಯಂತ್ರ ಬೇಕಾದದ್ದು ಹಲಸಿನ ಮರದ ಸಲುವಾಗಿ. ನಮ್ಮ ಕಡೆ ಊಟದ ಮಣೆಗೂ ದೇವರ ಮಂಟಪಕ್ಕೂ ಜನ ಹಲಸನ್ನೇ ಕೇಳುತ್ತಾರೆ. ಅದರ ಎಳೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಂದು ಪದರ ಎಡಕ್ಕೆ ವಾಲಿದರೆ ಮುಂದಿನದು ಬಲಕ್ಕೆ. ಅಲಗಿನಿಂದ ಹೆರೆಯುವ ಪ್ಲೇನರ್ ಯಂತ್ರಕ್ಕೆ ಕೊಟ್ಟರೆ ಒಂದು ಪಟ್ಟಿ ಗಾಜಿನ ಹಾಗೆ ಬರುತ್ತದೆ, ಪಕ್ಕದ ಪಟ್ಟಿಯಲ್ಲಿ ಮರ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ. ಹತ್ತರಿಯನ್ನು ಯಾವ ಕಡೆಯಿಂದ ಹೊಡೆದರೂ ಹೀಗೇ. ಅಲಗು ಎಳೆಯನ್ನು ಎಬ್ಬಿಸುತ್ತದೆ, ಉಪ್ಪುಕಾಗದ ಸವೆಸುತ್ತದೆ. ಹಾಗಾಗಿ ಉಜ್ಜಿಯೇ ತೀರಬೇಕು. ಒಂದು ಮದುವೆ ಮನೆಗೆ 24 ಮಣೆ ಒಪ್ಪಿಕೊಂಡಿದ್ದೆ. ಒಂದೊಂದಕ್ಕೆ ಮುಕ್ಕಾಲು ಗಂಟೆ ಕೈಯಲ್ಲಿ ಉಜ್ಜಿದರೂ ಅಂಚು ತಗ್ಗು, ನಡು ಉಬ್ಬು. ಹದಿನಾಲ್ಕನೆಯ ಮಣೆಯ ಹೊತ್ತಿಗೆ ಬಲಭುಜ ಮೇಲೇಳಲಿಲ್ಲ. ಆ ರಾತ್ರಿಯೇ ಕಾಗದದ ಮೇಲೆ ಡ್ರಮ್ಮಿನ ಚಿತ್ರ ಬರೆದೆ.

ಮೊದಲು ಮಾಡಿದ್ದು ಪಿವಿಸಿ ಪೈಪಿನ ಡ್ರಮ್ಮು. ಎರಡು ತುದಿಗೂ ಮರದ ಬಿಲ್ಲೆ ಹೊಡೆದು ನಡುವೆ ಶಾಫ್ಟ್ ತೂರಿಸಿದ್ದೆ. ಪೈಪು ಕಣ್ಣಿಗೆ ದುಂಡಗೆ ಕಾಣುತ್ತದೆ, ತಿರುಗಿಸಿದಾಗ ಅದರ ಬಣ್ಣ ಗೊತ್ತಾಗುತ್ತದೆ. ಸ್ವಿಚ್ ಹಾಕಿದ್ದೇ ಬೆಂಚು ನಡುಗಿ ಮೇಲಿದ್ದ ಮೂಲೆಮಟ್ಟ ನೆಲಕ್ಕೆ ಬಿತ್ತು. ಹಲಗೆ ತೂರಿಸಿದರೆ ಮೇಲೆಲ್ಲ ಅಲೆ ಅಲೆ. ಎರಡು ವಾರದ ಕೆಲಸವನ್ನು ಬಿಚ್ಚಿಟ್ಟೆ.

ಈಗ ಕೇಳಿ, ದುಂಡಗೆ ಹೇಗೆ ಮಾಡಿದಿರಿ ಅಂತ. ನಾಲ್ಕು ವರ್ಷದಲ್ಲಿ ಇದನ್ನು ಕೇಳಿದವರು ಒಬ್ಬರೇ, ಶಾಫ್ಟ್ ಕಡೆದುಕೊಟ್ಟ ಲೇತಿನವರು. "ಡ್ರಮ್ ಜೋಡಿಸಿ ತನ್ನಿ, ಲೇತಿಗೆ ಹಾಕಿ ನಾನೇ ದುಂಡು ಮಾಡಿಕೊಡ್ತೀನಿ" ಅಂದರು. ಬೇಡ, ಅದು ತನ್ನನ್ನು ತಾನೇ ದುಂಡು ಮಾಡಿಕೊಳ್ಳುತ್ತೆ ಅಂದೆ. ನಂಬಲಿಲ್ಲ. ನೋಡೇ ಬಿಡೋಣ ಅಂತ ಭಾನುವಾರ ಬಂದರು.

ಎರಡನೆಯ ಡ್ರಮ್ಮಿಗೆ 18 ಎಂಎಂ ಪ್ಲೈವುಡ್ಡಿನಲ್ಲಿ 25 ಬಿಲ್ಲೆ ಕೊಯ್ದಿದ್ದೆ. ಮರದ ಹುಡಿ ಒತ್ತಿ ಮಾಡುವ ಎಂಡಿಎಫ್ ಹಲಗೆ ಇನ್ನೂ ಸಮ ಇರುತ್ತದೆ ನಿಜ, ಆದರೆ ನಮ್ಮ ಮಳೆಗಾಲದ ಥಂಡಿಗೆ ಉಬ್ಬುತ್ತದೆ, ಅದಕ್ಕೇ ನೀರು ತಡೆಯುವ ಪ್ಲೈ. ಪ್ರತಿ ಬಿಲ್ಲೆ 132 ಎಂಎಂ ಅಗಲ, ನಡುವೆ 25 ಎಂಎಂ ತೂತು. ಎಲ್ಲವನ್ನೂ ಗೋಂದು ಹಚ್ಚಿ ಶಾಫ್ಟಿಗೆ ಪೋಣಿಸಿ ಬಿಗಿದರೆ 450 ಎಂಎಂ ಉದ್ದದ ಉರುಳೆ. ಬಿಲ್ಲೆ ಶಾಫ್ಟಿನ ಮೇಲೆ ಜಾರದ ಹಾಗೆ ಎರಡು ತುದಿಯಲ್ಲೂ ಅಡ್ಡಲಾಗಿ ಕೊರೆದು 6 ಎಂಎಂ ಬೋಲ್ಟ್ ಹಾಕಿದೆ. ಶಾಫ್ಟಿನ ಎರಡು ಕಡೆಗೆ 25 ಎಂಎಂ ಶಾಫ್ಟಿಗೆ ಕೂರುವ ಯುಸಿಪಿ 205 ಬೇರಿಂಗು. ಎರಡೂ ಪುಲ್ಲಿ ಒಂದೇ ಅಳತೆ, ಹಾಗಾಗಿ ಮೋಟರಿನಂತೆ ಡ್ರಮ್ಮೂ ನಿಮಿಷಕ್ಕೆ 1440 ಸುತ್ತು.

ಲೇತಿನವರು ಬಂದಾಗ ಡ್ರಮ್ಮು ಜೋಳದ ತೆನೆಯ ಹಾಗೆ ಉಬ್ಬುತಗ್ಗಾಗಿತ್ತು. ಸಪಾಟಾದ ಒಂದು ಹಲಗೆಗೆ 40 ನಂಬರಿನ ಒರಟು ಎಮರಿ ಬಟ್ಟೆ ಅಂಟಿಸಿ ಮೇಜಿನ ಮೇಲಿಟ್ಟೆ. ಡ್ರಮ್ಮಿನ ತುಂಬ ಪೆನ್ಸಿಲಿನಲ್ಲಿ ಗೀಚಿದೆ. ಕೈಯಲ್ಲಿ ಡ್ರಮ್ ತಿರುಗಿಸುತ್ತ ಮೇಜನ್ನು ಮೆಲ್ಲಗೆ ಏರಿಸಿದೆ. ಒಂದು ಸುತ್ತಿಗೆ ಒಂದು ಸಲ, ಸರ್... ಸರ್... ಅಂತ ಎಲ್ಲಕ್ಕಿಂತ ಎತ್ತರದ ಬಿಲ್ಲೆ ಎಮರಿಗೆ ತಾಗುವ ಸದ್ದು. ಆಮೇಲೆ ಮೋಟರ್ ಹಾಕಿ ಹಲಗೆಯನ್ನು ಹಿಂದೆ ಮುಂದೆ ನಿಧಾನ ಸರಿಸಿದೆ. ಮೊದಲು ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು, ಬರಬರುತ್ತ ಒಂದೇ ಎಳೆಯಾಯಿತು. ನಿಲ್ಲಿಸಿ ನೋಡಿದರೆ ಉಬ್ಬಿದ್ದಲ್ಲಿ ಪೆನ್ಸಿಲ್ ಗೆರೆ ಮಾಯ, ತಗ್ಗಿನಲ್ಲಿ ಹಾಗೇ ಇದೆ. ಮೇಜನ್ನು ಕೂದಲೆಳೆಯಷ್ಟು ಏರಿಸಿ ಮತ್ತೆ ಅದೇ ಕೆಲಸ. ಮೂರು ಗಂಟೆ ಹಿಡಿಯಿತು. ಕೊನೆಯ ಗೆರೆ ಹೋದಾಗ ಡ್ರಮ್ಮು 127 ಎಂಎಂಗೆ ಇಳಿದಿತ್ತು.

ಲೇತಿನಲ್ಲಿ ಕಡೆದು ತಂದರೆ ಬೇರೆ ಬೇರಿಂಗಿಗೆ ಕೂರಿಸುವಾಗ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಇದು ತಾನು ಬದುಕಿಡೀ ತಿರುಗಬೇಕಾದ ಬೇರಿಂಗಿನಲ್ಲೇ, ತನ್ನ ಮೇಜಿಗೇ ಉಜ್ಜಿಕೊಂಡು ದುಂಡಾಗಿದೆ. ಮೇಜಿಗೂ ಡ್ರಮ್ಮಿಗೂ ಸಮ ಇದೆಯೇ ಅಂತ ಬೇರೆ ಅಳೆಯುವ ಕೆಲಸವೇ ಇಲ್ಲ. ಲೇತಿನವರು ಚೀಲದಿಂದ ಡಯಲ್ ಗೇಜ್, ಅಂದರೆ ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ, ತೆಗೆದು ಹಿಡಿದರು. ಮುಳ್ಳು ಐದು ಮನೆ ಆಡಿತು, ಅಂದರೆ 0.05 ಎಂಎಂ. ಗೇಜನ್ನು ಬಲತುದಿಗೆ ಸರಿಸಿ ಮತ್ತೆ ಹಿಡಿದರು, ನಡುವೆಯೂ ಹಿಡಿದರು. "ಮರದಲ್ಲಿ ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ" ಅಂದರು. ನನಗೆ ತೊಂಬತ್ತು ಸಾವಿರ ಯಾರಾದರೂ ಕೈಗೆ ಕೊಟ್ಟಿದ್ದರೂ ಅಷ್ಟು ಖುಷಿ ಆಗುತ್ತಿರಲಿಲ್ಲ.

ಮೇಜಿನದು ಸುಲಭ. ಒಂದು ಅಂಚಿಗೆ ಹಿಂಜಸ್, ಎದುರು ಅಂಚಿನಡಿ ಮೈಯುದ್ದ ತಿರುಪು ಇರುವ 10 ಎಂಎಂ ಥ್ರೆಡ್ ರಾಡ್. ಒಂದು ಸುತ್ತಿಗೆ ರಾಡು 1.5 ಎಂಎಂ ಏರುತ್ತದೆ, ಡ್ರಮ್ಮು ನಟ್ಟನಡುವೆ ಇರುವುದರಿಂದ ಅಲ್ಲಿ ಅದರ ಅರ್ಧ. ಕಾಲು ಸುತ್ತು ತಿರುಗಿಸಿದರೆ 0.2 ಎಂಎಂಗಿಂತ ಒಂಚೂರು ಕಮ್ಮಿ, ಹಲಸಿಗೆ ಒಂದು ಸಲಕ್ಕೆ ಅಷ್ಟು ಸಾಕು.

ಮಾಡಲು ಹೊರಟವರು ಎರಡು ವಿಷಯ ಕಿವಿಗೆ ಹಾಕಿಕೊಳ್ಳಿ. ಹಲಗೆಯನ್ನು ಡ್ರಮ್ ತಿರುಗುವ ದಿಕ್ಕಿಗೆ ಎದುರಾಗಿಯೇ ಕೊಡಬೇಕು. ಹಿಂದಿನಿಂದ ಕೊಟ್ಟರೆ ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ. ಸರಿಯಾದ ಕಡೆಯಿಂದ ಕೊಟ್ಟರೂ ಅದರ ನೇರಕ್ಕೆ ನಿಲ್ಲಬೇಡಿ. ನನ್ನ ಕೈಲಿದ್ದ ಒಂದಡಿಯ ಹೊನ್ನೆ ತುಂಡು ಹಿಂದಕ್ಕೆ ಹಾರಿ ಬಾಗಿಲ ದಾರವಂದಕ್ಕೆ ಬಡಿದ ಗುರುತು ಇವತ್ತೂ ಇದೆ, ನನ್ನ ಸೊಂಟದ ಮಟ್ಟಕ್ಕೆ. ಅವತ್ತು ಪಕ್ಕಕ್ಕೆ ನಿಂತಿದ್ದೆ. ತುಂಡು ಹಾರಿದ್ದಕ್ಕೆ ಮೇಜನ್ನು ಅರ್ಧ ಸುತ್ತು ಜಾಸ್ತಿ ಏರಿಸಿದ್ದೇ ಕಾರಣ.

ಎರಡನೆಯದು ಧೂಳು. ಉಜ್ಜಿದ ಹಲಸಿನ ಧೂಳು ಅರಿಶಿನದ ಹಾಗೆ ಹಳದಿ. ಮೊದಲ ದಿನ ರಾತ್ರಿ ಮೂಗು ಒರೆಸಿದ ಟವೆಲ್ ಹಳದಿಯಾದದ್ದು ನೋಡಿ ಹೆಂಡತಿ ಮಾತಾಡದೆ ಅದನ್ನು ನನ್ನ ಮುಂದೆ ಹಿಡಿದಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ 1995ರಲ್ಲೇ ಪ್ರಕಟಿಸಿದೆ, ಮುಖ್ಯವಾಗಿ ಮೂಗಿನ ಒಳಗಿನದು. ಮರುವಾರವೇ ಡ್ರಮ್ಮಿನ ಮೇಲೆ ಪ್ಲೈವುಡ್ಡಿನ ಮುಚ್ಚಳ ಕೂರಿಸಿ ಪೈಪಿನಿಂದ ಧೂಳು ಎಳೆಯುವ ಬ್ಲೋವರ್ ಸೇರಿಸಿದೆ. 11,400ರಲ್ಲಿ ಅದು ಸೇರಿಲ್ಲ, ಬರೆದುಕೊಳ್ಳಿ. ಮಾಸ್ಕ್ ಇಲ್ಲದೆ ನಮ್ಮ ಅಂಗಡಿಯಲ್ಲಿ ಈ ಯಂತ್ರದ ಸ್ವಿಚ್ಚನ್ನು ಯಾರೂ ಮುಟ್ಟುವ ಹಾಗಿಲ್ಲ.

ಕಾಗದದ ಬಗ್ಗೆಯೂ ಕೇಳುತ್ತಿರುತ್ತಾರೆ. 4 ಇಂಚಿನ ರೋಲನ್ನು ಬಳ್ಳಿಯ ಹಾಗೆ ಓರೆಯಾಗಿ ಸುತ್ತಬೇಕು, ಎರಡು ತುದಿ ಓರೆಗೆ ಕತ್ತರಿಸಬೇಕು. ಓರೆ ಅಂಚಿನ ಉದ್ದ ಡ್ರಮ್ಮಿನ ಸುತ್ತಳತೆಯಷ್ಟು, ನನ್ನದಕ್ಕೆ 400 ಎಂಎಂ. ಬಿಸಿಯಾದ ಮೇಲೆ ಕಾಗದ ಸಡಿಲವಾಗುತ್ತದೆ, ನಾಲ್ಕು ಹಲಗೆ ಆದ ಮೇಲೆ ಮತ್ತೆ ಬಿಗಿಯಬೇಕು. ಮೆತ್ತಿಕೊಂಡ ಧೂಳು ಬಿಡಿಸಲು ಹಳೇ ಕ್ರೇಪ್ ರಬ್ಬರಿನ ಚಪ್ಪಲಿ ಅಟ್ಟೆ ಹಿಡಿದರೆ ಸಾಕು.

ಈ ವರ್ಷ ಮಳೆ ನಿಂತ ಮೇಲೆ ಕಾಗದ ಬಿಚ್ಚಿ ಡ್ರಮ್ಮಿನ ಮೇಲೆ ಮತ್ತೆ ಪೆನ್ಸಿಲ್ ಗೀಚಿದೆ. ಕೈಯಲ್ಲಿ ತಿರುಗಿಸಿದರೆ ಬಲತುದಿಯಲ್ಲಿ ಮಾತ್ರ ಸರ್ ಅನ್ನುತ್ತಿತ್ತು, ಪ್ಲೈ ಆದರೂ ಒಂದು ಎಳೆ ಉಬ್ಬಿದೆ. 40 ನಂಬರಿನ ಹಲಗೆ ಗೋಡೆಗೆ ಒರಗಿಸಿಟ್ಟಿದ್ದೇನೆ. ಲೇತಿನವರಿಗೆ ಫೋನ್ ಮಾಡಿದೆ, ಈ ಭಾನುವಾರ ಗೇಜ್ ತಗೊಂಡು ಬರುತ್ತಾರಂತೆ.