‘ಸಿಂಗಸಂದ್ರ ಬಂದಾಗ ಹೇಳು’

ಮಂಗಳವಾರ ಬೆಳಿಗ್ಗೆ ದೊಡ್ಡಮ್ಮನನ್ನು ಚಂದಾಪುರದಿಂದ ಜಯನಗರದ ಕಣ್ಣಾಸ್ಪತ್ರೆಗೆ ಕರಕೊಂಡು ಹೊರಟಿದ್ದೆ. ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಏಳೂವರೆಗೆಲ್ಲ ಅಲ್ಲಿರಬೇಕು ಅಂದಿದ್ದರು. ಹೊಸೂರು ರಸ್ತೆಯನ್ನು ನಂಬಿ ಕೂರುವ ಹಾಗಿಲ್ಲ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ಲೈಓವರ್ ಹತ್ತಿಬಿಡೋಣ ಅಂತ ಹಿಂದಿನ ರಾತ್ರಿಯೇ ತೀರ್ಮಾನಿಸಿದ್ದೆ.

ಟೋಲ್‌ನಲ್ಲಿ ಫಾಸ್ಟ್ಯಾಗ್ ಓದಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಅರ್ಧ ನಿಮಿಷ ಕಾಯಲಾರದವರು ಸ್ಟೀರಿಂಗ್ ಹಿಡಿಯಲೇಬಾರದು. ಬೂತಿನ ಹುಡುಗ ಮಾತ್ರ ಒಂಚೂರೂ ಸಿಡುಕದೆ ಕೈಯಲ್ಲಿ ಹಿಡಿಯುವ ಮಷೀನು ತಂದು ಗಾಜಿಗೆ ಹಿಡಿದ. ಅಷ್ಟರಲ್ಲಿ ದೊಡ್ಡಮ್ಮ ಸೊಂಟದ ಚೀಲ ಬಿಚ್ಚಿ, ‘ಎಷ್ಟಪ್ಪಾ?’ ಅಂತ ಅವನನ್ನೇ ಕೇಳಿದರು. ‘ಬ್ಯಾಡ ಬಿಡಿ ಅಜ್ಜಿ, ಕಟ್ ಆತು’ ಅಂದ. ರಾಯಚೂರು ಕಡೆಯವನಂತೆ. ಕಂಬ ಎದ್ದಿತು, ನಾವು ಹತ್ತಿದೆವು.

‘ದುಡ್ಡು ಯಾಕೆ ಮಗಾ?’

‘ಮೇಲೆ ಹೋಗೋಕೆ ದೊಡ್ಡಮ್ಮ.’

‘ಕೆಳಗೆ ಹೋದ್ರೆ?’

‘ಕೆಳಗೆ ಇಲ್ಲ. ಆದ್ರೆ ಹೊತ್ತಿಗೆ ಸರಿಯಾಗಿ ಹೋಗಿ ಸೇರಲ್ಲ.’

‘ಸರಿ. ನಂಗೆ ಬೋರ್ಡ್ ಕಾಣಲ್ಲ. ಸಿಂಗಸಂದ್ರ ಬಂದಾಗ ಹೇಳು.’

ಹೂಂ ಅಂದೆ. ಎಡಗಡೆ ಬಸ್ಸು, ಬಲಗಡೆ ಬೈಕುಗಳು, ಪಕ್ಕದಿಂದ ಬೆಳಗಿನ ಬಿಸಿಲು. ಮರೆತೇಬಿಟ್ಟೆ. ಬೊಮ್ಮನಹಳ್ಳಿ ಹತ್ತಿರ ಬಂದಾಗ ಅವರೇ ಕೇಳಿದರು: ‘ಇನ್ನೂ ಬರಲಿಲ್ವಾ?’

‘ಆಗಲೇ ಕೆಳಗೆ ಹೋಯ್ತು ದೊಡ್ಡಮ್ಮ.’

‘ಕೆಳಗೆ ಹೋಯ್ತಾ?’

ಅಷ್ಟೇ. ಕೋಪ ಇರಲಿಲ್ಲ ಆ ದನಿಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ, ‘ಮುನೇಶ್ವರನಿಗೆ ಇಲ್ಲಿಂದಲೇ ಕೈ ಮುಗಿಯೋಣ ಅಂದ್ಕೊಂಡಿದ್ದೆ’ ಅಂದರು.

ಸಿಂಗಸಂದ್ರ ದೊಡ್ಡಮ್ಮನ ತವರು. ಅಂದರೆ ನಮ್ಮಮ್ಮನ ತವರೂ ಹೌದು, ನನಗೆ ಅಜ್ಜಿಮನೆ. ಹನ್ನೊಂದು ವರ್ಷದಿಂದ ವಾರಕ್ಕೆ ಐದು ದಿನ ಅದರ ಮೇಲೆ ಓಡಾಡುತ್ತಿದ್ದೇನೆ. ‘ಕೆಳಗೆ ಹೋಯ್ತು’ ಅಂತ ನಾನು ಅಷ್ಟು ಸಲೀಸಾಗಿ ಹೇಗೆ ಹೇಳಿದೆ? ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳಕೊಂಡವರು ಹಾಗೆ ಹೇಳುತ್ತಾರೆ, ನೀರಿನ ಕಡೆ ಕೈ ತೋರಿಸಿ. ಸಿಂಗಸಂದ್ರ ಮುಳುಗಿಲ್ಲ. ಅಲ್ಲೇ ಇದೆ. ನಾನೇ ಮೇಲಿದ್ದೆ.

ಆಪರೇಷನ್ ಕೋಣೆಯ ಹೊರಗೆ ಕೂತಾಗಲೂ ಅದೇ ಮಾತು ಕಿವಿಯಲ್ಲಿ. ನಮ್ಮಜ್ಜಿ ಕಟ್ಟು ಕಟ್ಟಿದ ಸೊಪ್ಪನ್ನು ಇದೇ ರಸ್ತೆಯಲ್ಲಿ ಬಸ್ಸಿಗೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರಂತೆ. ಸಂಜೆ ವಾಪಸ್ ಬರುವಾಗ ಬೊಮ್ಮನಹಳ್ಳಿ, ಗಾರೇಬಾವಿಪಾಳ್ಯ, ಕೂಡ್ಲು ಅಂತ ಒಂದೊಂದೇ ಊರು ಎಣಿಸಿಕೊಂಡು ಬಂದರೆ ಆಮೇಲೆ ನಮ್ಮೂರು. ದೊಡ್ಡಮ್ಮನಿಗೆ ದೂರ ಅಂದರೆ ಹೀಗೇ, ಹೆಸರುಗಳ ಲೆಕ್ಕ. ನನ್ನ ಲೆಕ್ಕವೇ ಬೇರೆ: ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್, ಹನ್ನೆರಡು ನಿಮಿಷ.

ಆ ಹನ್ನೆರಡು ನಿಮಿಷಕ್ಕೆ ನಾನು ಋಣಿ ಅನ್ನುವುದೂ ಸುಳ್ಳಲ್ಲ. 1970ರ ದಶಕದ ಕೊನೆಯಲ್ಲಿ ತನ್ನ ಮುಖ್ಯಸ್ಥ ಆರ್. ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದಾಗ, ಇಷ್ಟು ಜನ ಒಂದೇ ರಸ್ತೆಗೆ ಬಂದು ಬೀಳುತ್ತಾರೆಂದು ಯಾರು ತಾನೇ ಅಂದುಕೊಂಡಾರು? ಐಟಿ ಬಂದ ಮೇಲೆ ಹೊಸೂರು ರಸ್ತೆಯಲ್ಲಿ ಬಸ್ಸಿನೊಳಗೇ ಬೆಳಗಾಗಿ ಬೈಗಾಗುತ್ತಿತ್ತು. 2010ರ ಜನವರಿಯಲ್ಲಿ ಫ್ಲೈಓವರ್ ತೆರೆಯಿತು. ಅದಿಲ್ಲದಿದ್ದರೆ ನನ್ನ ಮಗಳು ಚಿಕ್ಕವಳಿದ್ದಾಗ ಅವಳು ಎಚ್ಚರವಿರುವ ಹೊತ್ತಿಗೆ ನಾನು ಮನೆ ಮುಟ್ಟುತ್ತಿರಲಿಲ್ಲ. ಟೋಲ್ ಕೊಡಲು ನಾನು ಯಾವತ್ತೂ ಗೊಣಗಿಲ್ಲ.

ಆದರೆ ಅಜ್ಜನ ಹೊಲದ ಒಂದಂಚು ರಸ್ತೆ ಅಗಲ ಮಾಡುವಾಗ ಹೋಯಿತು. ಪರಿಹಾರದ ದುಡ್ಡು ಬಂತು, ಖರ್ಚಾಯಿತು. ಉಳಿದದ್ದರಲ್ಲಿ ಮಾವನ ಮಗ ಪಿಜಿ ಕಟ್ಟಿಸಿದ್ದಾನೆ. ಇಬ್ಬರಿಗೆ ಸಾಲದ ಕೋಣೆಗೆ ನಾಲ್ಕು ಮಂಚ ತುಂಬಿಸಿ ಬಾಡಿಗೆ ಎಣಿಸುತ್ತಾನೆ. ಹೊಲದ ಬದಿಯಲ್ಲಿದ್ದ ಹುಣಸೆಮರವನ್ನು ಅವನು ಕಡಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ದೊಡ್ಡಮ್ಮ ಮಾತ್ರ ಅವನನ್ನು ಬಿಟ್ಟುಕೊಡುವುದಿಲ್ಲ. ‘ರಸ್ತೆ ಬಂದ್ಮೇಲೆ ರಾಗಿ ಬೆಳೆಯೋಕಾಗುತ್ತಾ?’ ಅನ್ನುತ್ತಾರೆ. ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ.

ಟೋಲ್ ಕಟ್ಟುವಾಗ ನಾವು ರಸ್ತೆಯ ಖರ್ಚು ಕೊಡುತ್ತಿದ್ದೇವೆ ಅಂದುಕೊಂಡಿದ್ದೆ. ಈ ವಾರ ಬೇರೆಯೇ ಅನಿಸುತ್ತಿದೆ. ಊರುಗಳನ್ನು ನೋಡದೆ ದಾಟುವುದಕ್ಕೂ ಆ ದುಡ್ಡಿನಲ್ಲಿ ಪಾಲಿದೆ. ಕಂಬಗಳ ನಡುವೆ ರಸ್ತೆ ದಾಟಲು ಕಾಯುವ ಮುದುಕರು, ಹೊಗೆ ಕುಡಿಯುತ್ತ ಸೊಪ್ಪು ಮಾರುವ ಹೆಂಗಸು, ಸ್ಕೂಲ್ ವ್ಯಾನಿನ ಮಕ್ಕಳು, ಯಾರೂ ನಮಗೆ ಅಡ್ಡ ಬರುವುದಿಲ್ಲ. ಅವರ ಊರಿನ ಹೆಸರು ಹೇಳಬೇಕಾದ ಪ್ರಸಂಗವೂ ಬರುವುದಿಲ್ಲ.

ಶನಿವಾರ ಮತ್ತೆ ತೋರಿಸಿಕೊಂಡು ಬರಬೇಕಿತ್ತು. ಕಾರು ತೆಗೆಯಲಿಲ್ಲ. ಬೊಮ್ಮಸಂದ್ರಕ್ಕೆ ಆಟೋ, ಅಲ್ಲಿಂದ ಆರ್.ವಿ. ರಸ್ತೆಗೆ ಮೆಟ್ರೋ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದರೂ ದೊಡ್ಡಮ್ಮ ಹತ್ತಿದ್ದು ಅದೇ ಮೊದಲು. ಹೋಗುವಾಗ ನೂಕುನುಗ್ಗಲು, ಏನೂ ಕೇಳಿಸಲಿಲ್ಲ. ಬರುವಾಗ ಸೀಟು ಸಿಕ್ಕಿತು. ಕಪ್ಪು ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಕೂಡ್ಲು ಗೇಟ್ ದಾಟಿದ ಮೇಲೆ ಮೇಲಿಂದ ದನಿ ಬಂತು, ಮುಂದಿನ ನಿಲ್ದಾಣ ಸಿಂಗಸಂದ್ರ.

ದೊಡ್ಡಮ್ಮ ನನ್ನ ಮೊಣಕೈ ಹಿಡಿದುಕೊಂಡರು. ‘ನಮ್ಮೂರು ಅಂತಿದಾರೆ.’

ಮೆಟ್ರೋ ಓಡುವುದೂ ಊರಿನ ತಲೆಯ ಮೇಲೆಯೇ, ಅದಕ್ಕೂ ದುಡ್ಡು ಕೊಟ್ಟಿದ್ದೆವು. ಆದರೆ ಅದು ಹೆಸರು ಕೂಗಿ ನಿಲ್ಲುತ್ತದೆ. ಟಿಕೆಟ್ ಬೊಮ್ಮಸಂದ್ರದವರೆಗೂ ಇತ್ತು. ಇರಲಿ ಬಿಡಿ ಅಂತ ಇಳಿದುಬಿಟ್ಟೆವು.

ಹೊರಗೆ ಹೋಗುವ ದಾರಿಯಲ್ಲಿ ಪಕ್ಕದ ಫ್ಲೈಓವರ್ ಕಾಣುತ್ತಿತ್ತು. ದೊಡ್ಡಮ್ಮ ಕಂಬಿ ಹಿಡಿದು ನಿಂತರು. ಕಾರುಗಳು ಒಂದರ ಹಿಂದೆ ಒಂದು, ಯಾವುದರ ಮುಖವೂ ಈ ಕಡೆ ತಿರುಗಿರಲಿಲ್ಲ. ತುಂಬ ಹೊತ್ತು ನೋಡಿದರು.

‘ಮೊನ್ನೆ ನಾವೂ ಹಿಂಗೇ ಹೋದ್ವಾ?’

‘ಹೂಂ ದೊಡ್ಡಮ್ಮ.’

ಕನ್ನಡಕ ಸರಿ ಮಾಡಿಕೊಂಡು, ನನ್ನ ಕೈ ಹಿಡಿದು, ಮುನೇಶ್ವರನ ಗುಡಿ ಯಾವ ಕಡೆ ಬರುತ್ತೆ ಅಂತ ಹುಡುಕುತ್ತ ಮೆಟ್ಟಿಲಿಳಿಯತೊಡಗಿದರು.